ಹೃದಯ ಬಡಿತದ ಲಯ: ಸ್ತ್ರೀ-ಪುರುಷರಲ್ಲಿನ ವ್ಯತ್ಯಾಸ ಹಾಗೂ ಔಷಧಿಗಳಿಂದ ಉಂಟಾಗುವ ಲಯದೋಷ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಒಂದೇ ಮಾತ್ರೆಯನ್ನು ಒಂದೇ ಪ್ರಮಾಣದಲ್ಲಿ ಪತಿ-ಪತ್ನಿಯರಿಬ್ಬರೂ ಸೇವಿಸಿದಲ್ಲಿ, ಅದರ ಪರಿಣಾಮವು ಇಬ್ಬರ ಹೃದಯದ ಮೇಲೂ ಒಂದೇ ತೆರನಾಗಿರುತ್ತದೆಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಕೆಲವು ಔಷಧಿಗಳ ವಿಷಯದಲ್ಲಿ ಇದು ಸರಿಯಲ್ಲ. ಸ್ತ್ರೀಯರ ಹೃದಯವು ಪ್ರತಿ ಬಡಿತದ ನಂತರ ಮುಂದಿನ ಬಡಿತಕ್ಕೆ ಅಣಿಯಾಗಲು ಪುರುಷರ ಹೃದಯಕ್ಕಿಂತ ತುಸು ಹೆಚ್ಚು ಕಾಲವನ್ನು ತೆಗೆದುಕೊಳ್ಳುತ್ತದೆ. ಈ ಕಾಲವನ್ನು ಇನ್ನಷ್ಟು ಹೆಚ್ಚಿಸುವ ಗುಣವುಳ್ಳ ಔಷಧಿಗಳು ಬಳಕೆಯಲ್ಲಿದ್ದು, ಅವುಗಳಿಂದ ಬಡಿತದ ಲಯ ತಪ್ಪಿ ಪ್ರಾಣಾಪಾಯ ಒದಗುವ ಸಂಭವವು ಸ್ತ್ರೀಯರಲ್ಲಿ ಅಧಿಕವಾಗಿರುವುದು ದೃಢಪಟ್ಟಿದೆ.

ಮಂಡ್ಯ ಜಿಲ್ಲೆ, ಮಳವಳ್ಳಿ ತಾಲ್ಲೂಕಿನ ಹಲಗೂರು ಹೋಬಳಿಯಂತಹ ಗ್ರಾಮೀಣ ಪ್ರದೇಶಗಳಿಗೆ ಈ ವಿಷಯವು ವಿಶೇಷವಾಗಿ ಅನ್ವಯವಾಗುತ್ತದೆ. ಹಲಗೂರು ಗ್ರಾಮವು ಬೆಂಗಳೂರು-ಕನಕಪುರ-ಮಳವಳ್ಳಿ ಹೆದ್ದಾರಿಯಲ್ಲಿರುವುದರಿಂದ, ಇಲ್ಲಿನ ರೋಗಿಗಳು ಸಣ್ಣಪುಟ್ಟ ತೊಂದರೆಗಳಿಗೆ ಊರಿನಲ್ಲಿಯೂ, ಹೆಚ್ಚಿನ ಚಿಕಿತ್ಸೆಗೆ ಮಳವಳ್ಳಿ, ಮಂಡ್ಯ, ಕನಕಪುರ, ಮೈಸೂರು ಅಥವಾ ಬೆಂಗಳೂರಿನಲ್ಲಿಯೂ ವೈದ್ಯರನ್ನು ಕಾಣಲು ಅನುಕೂಲವಿದೆ. ಈ ಅನುಕೂಲದ ಜೊತೆಗೆ, ಒಬ್ಬರೇ ರೋಗಿಯ ಕೈಯಲ್ಲಿ ಎರಡು ಮೂರು ಊರುಗಳ ಔಷಧಿ ಚೀಟಿಗಳು ಸೇರುವ ಸಂದರ್ಭವೂ ಉಂಟಾಗುತ್ತದೆ. ಪ್ರತ್ಯೇಕವಾಗಿ ನೋಡಿದರೆ ಪ್ರತಿಯೊಂದು ಚೀಟಿಯೂ ಸರಿಯಾಗಿಯೇ ಇರಬಹುದು. ಆದರೆ ಅವೆಲ್ಲವನ್ನೂ ಒಟ್ಟಿಗೆ ನೋಡಿದವರು ಯಾರೂ ಇಲ್ಲದಿದ್ದಲ್ಲಿ ತೊಂದರೆಗೆ ಆಸ್ಪದವಾಗುತ್ತದೆ. ಈ ಹಿನ್ನೆಲೆಯಲ್ಲಿ ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಹೃದಯ ಬಡಿತದ ಲಯ ಎಂದರೇನು?

ಹೃದಯದ ಬಲಭಾಗದ ಮೇಲಿನ ಕೋಣೆಯಲ್ಲಿರುವ ಒಂದು ಸಣ್ಣ ಗಂಟು ಕ್ರಮಬದ್ಧವಾಗಿ ವಿದ್ಯುತ್ ಸಂಜ್ಞೆಯನ್ನು ಹೊರಡಿಸುತ್ತದೆ. ಈ ಸಂಜ್ಞೆಯು ಮೇಲಿನ ಕೋಣೆಗಳಾದ ಹೃತ್ಕರ್ಣಗಳ ಮೂಲಕ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳಿಗೆ ಹರಿದಾಗ ಹೃದಯವು ಸಂಕುಚಿಸಿ ರಕ್ತವನ್ನು ಹೊರಕ್ಕೆ ತಳ್ಳುತ್ತದೆ. ಅನಂತರ ಜೀವಕೋಶಗಳಿಂದ ಪೊಟ್ಯಾಸಿಯಂ ಕಣಗಳು ಹೊರಹರಿದು, ಕೋಶಗಳು ಮೊದಲಿನ ಸ್ಥಿತಿಗೆ ಮರಳಿ, ಮುಂದಿನ ಸಂಜ್ಞೆಗೆ ಸಿದ್ಧವಾಗುತ್ತವೆ.

ಈ ವಿದ್ಯುತ್ ಚಟುವಟಿಕೆಯನ್ನು ಕಾಗದದ ಮೇಲೆ ದಾಖಲಿಸುವ ಪರೀಕ್ಷೆಯೇ ಇ.ಸಿ.ಜಿ. ಇದನ್ನು ಬಳಕೆಗೆ ತಂದ ಹಾಲೆಂಡಿನ ವಿಜ್ಞಾನಿ ವಿಲೆಮ್ ಐಂಥೋವನ್ ಅವರಿಗೆ 1924ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ಇ.ಸಿ.ಜಿ.ಯ ಅಲೆಗಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರನ್ನಿಡಲಾಗಿದ್ದು, ಕ್ಯೂ ಅಲೆಯ ಆರಂಭದಿಂದ ಟಿ ಅಲೆಯ ಅಂತ್ಯದವರೆಗಿನ ಕಾಲವನ್ನು 'ಕ್ಯೂಟಿ ಅವಧಿ' ಎಂದು ಕರೆಯಲಾಗುತ್ತದೆ. ಹೃತ್ಕುಕ್ಷಿಗಳು ಸಂಕುಚಿಸಲು ಆರಂಭಿಸಿ ಪುನಃ ಸಿದ್ಧವಾಗುವವರೆಗೆ ಹಿಡಿಯುವ ಒಟ್ಟು ಕಾಲ ಇದಾಗಿದ್ದು, ಆರೋಗ್ಯವಂತರಲ್ಲಿ ಸುಮಾರು 400 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಹತ್ತು ಭಾಗಗಳಲ್ಲಿ ನಾಲ್ಕು ಭಾಗದಷ್ಟಿರುತ್ತದೆ. ಬಡಿತದ ವೇಗಕ್ಕೆ ತಕ್ಕಂತೆ ಈ ಅವಧಿಯು ಬದಲಾಗುವುದರಿಂದ, ವೇಗವನ್ನು ಗಣನೆಗೆ ತೆಗೆದುಕೊಂಡು ಲೆಕ್ಕಹಾಕಿದ 'ಸರಿಪಡಿಸಿದ ಕ್ಯೂಟಿ ಅವಧಿ'ಯನ್ನು ವೈದ್ಯರು ಪರಿಗಣಿಸುತ್ತಾರೆ.

3. ಸ್ತ್ರೀ-ಪುರುಷರಲ್ಲಿ ಕಂಡುಬರುವ ವ್ಯತ್ಯಾಸಗಳು

ಈ ಲೆಕ್ಕಾಚಾರದ ಸೂತ್ರವನ್ನು 1920ರಲ್ಲಿ ನೀಡಿದ ಬ್ಯಾಜೆಟ್ ಎಂಬ ವಿಜ್ಞಾನಿಯೇ ಸ್ತ್ರೀಯರಲ್ಲಿ ಈ ಅವಧಿಯು ದೀರ್ಘವಾಗಿರುವುದನ್ನು ಗಮನಿಸಿದ್ದರು. ಇದುವರೆಗೆ ತಿಳಿದುಬಂದಿರುವ ಮುಖ್ಯ ವ್ಯತ್ಯಾಸಗಳು ಈ ಕೆಳಕಂಡಂತಿವೆ:

• ವಿಶ್ರಾಂತಿಯಲ್ಲಿರುವಾಗ ಸ್ತ್ರೀಯರ ಹೃದಯವು ಪುರುಷರಿಗಿಂತ ನಿಮಿಷಕ್ಕೆ ಸರಾಸರಿ 3 ರಿಂದ 5 ಬಡಿತ ಹೆಚ್ಚಾಗಿ ಬಡಿಯುತ್ತದೆ.
• ವಯಸ್ಕ ಸ್ತ್ರೀಯರಲ್ಲಿ ಸರಿಪಡಿಸಿದ ಕ್ಯೂಟಿ ಅವಧಿಯು ಪುರುಷರಿಗಿಂತ ಸುಮಾರು 10 ರಿಂದ 20 ಮಿಲಿಸೆಕೆಂಡ್ ದೀರ್ಘವಾಗಿರುತ್ತದೆ. ಆದುದರಿಂದಲೇ ಪುರುಷರಲ್ಲಿ 450 ಮತ್ತು ಸ್ತ್ರೀಯರಲ್ಲಿ 460 ಮಿಲಿಸೆಕೆಂಡನ್ನು ಗರಿಷ್ಠ ಮಿತಿಯೆಂದು ಪರಿಗಣಿಸುವ ರೂಢಿಯಿದೆ. 500 ಮಿಲಿಸೆಕೆಂಡ್ ಮೀರಿದಲ್ಲಿ ಯಾರಿಗೇ ಆಗಲಿ ಅಪಾಯಕಾರಿ.
• ಬಾಲಕ-ಬಾಲಕಿಯರಲ್ಲಿ ಈ ವ್ಯತ್ಯಾಸವಿರುವುದಿಲ್ಲ. ಪ್ರಾಯಕ್ಕೆ ಬಂದ ಗಂಡುಮಕ್ಕಳಲ್ಲಿ ಟೆಸ್ಟೋಸ್ಟಿರಾನ್ ಎಂಬ ರಸದೂತದ ಪ್ರಭಾವದಿಂದ ಅವಧಿಯು ಕಡಿಮೆಯಾಗುತ್ತದೆ. ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿಯುತ್ತದೆ. ಸುಮಾರು 50 ವರ್ಷದ ನಂತರ ಈ ಅಂತರವು ಪುನಃ ಕುಗ್ಗುತ್ತಾ ಬರುತ್ತದೆ.
• ಋತುಚಕ್ರದ ದಿನಗಳಿಗೆ ಅನುಗುಣವಾಗಿಯೂ ಔಷಧಿಯ ಪರಿಣಾಮ ಬದಲಾಗುತ್ತದೆ. ಇಬುಟಿಲೈಡ್ ಎಂಬ ಔಷಧಿಯನ್ನು ಕುರಿತು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರೊಜೆಸ್ಟಿರಾನ್ ಹೆಚ್ಚಾಗಿರುವ ಋತುಚಕ್ರದ ಉತ್ತರಾರ್ಧದಲ್ಲಿ ಕ್ಯೂಟಿ ಅವಧಿಯ ಏರಿಕೆಯು ಕಡಿಮೆಯಿದ್ದುದು ಕಂಡುಬಂದಿತು.

ಎಲ್ಲ ಬಗೆಯ ಲಯದೋಷಗಳೂ ಸ್ತ್ರೀಯರಲ್ಲಿಯೇ ಹೆಚ್ಚೆಂದು ಇದರಿಂದ ಭಾವಿಸತಕ್ಕದ್ದಲ್ಲ. ಹೃತ್ಕರ್ಣದ ಕಂಪನ, ಬ್ರುಗಾಡಾ ಎಂಬ ಅನುವಂಶಿಕ ತೊಂದರೆ ಹಾಗೂ ಹಠಾತ್ ಹೃದಯ ಸ್ತಂಭನ ಇವು ಪುರುಷರಲ್ಲಿ ಅಧಿಕ. ಔಷಧಿಯಿಂದ ಕ್ಯೂಟಿ ಅವಧಿ ಹೆಚ್ಚಿ ಉಂಟಾಗುವ ಲಯದೋಷವು ಮಾತ್ರ ಸ್ತ್ರೀಯರಲ್ಲಿ ಸ್ಪಷ್ಟವಾಗಿ ಅಧಿಕವಾಗಿದೆ.

4. ಔಷಧಿಯಿಂದ ಲಯ ತಪ್ಪುವ ಬಗೆ

ಹೃದಯದ ಕೋಶಗಳಿಂದ ಪೊಟ್ಯಾಸಿಯಂ ಹೊರಹರಿಯಲು ಸೂಕ್ಷ್ಮವಾದ ದ್ವಾರಗಳಿವೆ. ಕೆಲವು ಔಷಧಿಗಳು ತಮ್ಮ ಮುಖ್ಯ ಕೆಲಸವನ್ನು ಮಾಡುವುದರ ಜೊತೆಗೆ ಈ ದ್ವಾರಗಳನ್ನು ಭಾಗಶಃ ಮುಚ್ಚುತ್ತವೆ. ಆಗ ಕೋಶಗಳು ಸಿದ್ಧವಾಗುವುದು ತಡವಾಗಿ, ಸಿದ್ಧತೆ ಮುಗಿಯುವ ಮೊದಲೇ ಮತ್ತೊಂದು ಸಂಜ್ಞೆ ಹುಟ್ಟಿ, ಹೃತ್ಕುಕ್ಷಿಗಳು ನಿಮಿಷಕ್ಕೆ 200ಕ್ಕೂ ಮಿಗಿಲಾಗಿ ಅಡ್ಡಾದಿಡ್ಡಿ ಬಡಿಯತೊಡಗಬಹುದು. ಇ.ಸಿ.ಜಿ.ಯಲ್ಲಿ ಇದರ ಅಲೆಗಳು ಹುರಿಗೊಳಿಸಿದ ಹಗ್ಗದಂತೆ ತಿರುಚಿಕೊಂಡು ಕಾಣುತ್ತವೆ. ಫ್ರಾನ್ಸ್ ದೇಶದ ವೈದ್ಯರಾದ ದೆಸೆರ್ತೆನ್ ಅವರು 1966ರಲ್ಲಿ 80 ವರ್ಷದ ಮಹಿಳೆಯೊಬ್ಬರಲ್ಲಿ ಇದನ್ನು ಗುರುತಿಸಿ 'ಟೊರ್ಸಾಡ್ ದ ಪ್ವಾಂಟ್' ಎಂದು ಹೆಸರಿಟ್ಟರು. ಈ ಸ್ಥಿತಿಯಲ್ಲಿ ಮಿದುಳಿಗೆ ರಕ್ತ ತಲುಪದೆ ರೋಗಿಯು ಪ್ರಜ್ಞೆ ತಪ್ಪುತ್ತಾರೆ. ಬಹುತೇಕ ಬಾರಿ ಅದು ತಾನಾಗಿಯೇ ನಿಂತು ರೋಗಿಯು ಎಚ್ಚರಗೊಳ್ಳುತ್ತಾರೆ. ನಿಲ್ಲದಿದ್ದಲ್ಲಿ ಸಾವು ಸಂಭವಿಸುತ್ತದೆ.

1993ರಲ್ಲಿ ಅಮೆರಿಕದ ವೈದ್ಯರ ತಂಡವೊಂದು ಹೃದ್ರೋಗದ ಔಷಧಿಗಳಿಂದ ಹೀಗೆ ತೊಂದರೆಗೊಳಗಾದ 332 ರೋಗಿಗಳ ವರದಿಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ಅವರಲ್ಲಿ ಶೇ. 70 ರಷ್ಟು ಮಂದಿ ಮಹಿಳೆಯರು. ಆ ಔಷಧಿಗಳನ್ನು ಸೇವಿಸುತ್ತಿದ್ದವರಲ್ಲಿ ಮಹಿಳೆಯರ ಪಾಲು ಅರ್ಧಕ್ಕಿಂತ ಕಡಿಮೆಯಿದ್ದುದರಿಂದ ಈ ಅಂಕಿಯು ಎದ್ದುಕಾಣುವಂತಹುದು. ಸೋಟಾಲಾಲ್ ಎಂಬ ಔಷಧಿಯ ಬಗ್ಗೆ 1996ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಈ ಲಯದೋಷವು ಪುರುಷರಲ್ಲಿ ಶೇ. 1.9 ಹಾಗೂ ಸ್ತ್ರೀಯರಲ್ಲಿ ಶೇ. 4.1 ರಷ್ಟು ಮಂದಿಯಲ್ಲಿ ಕಂಡುಬಂದಿತ್ತು.

5. ಹಿಂದಿನ ಅನುಭವದಿಂದ ತಿಳಿದುಬಂದ ಸಂಗತಿಗಳು

ಮಲೇರಿಯಾ ಜ್ವರಕ್ಕೆ ನೀಡುತ್ತಿದ್ದ ಕ್ವಿನೈನ್ ಹಳೆಯ ತಲೆಮಾರಿನವರಿಗೆ ಪರಿಚಿತವಾದುದು. ಅದೇ ಸಿಂಕೋನಾ ತೊಗಟೆಯಿಂದ ದೊರೆಯುವ ಕ್ವಿನಿಡಿನ್ ಎಂಬ ಔಷಧಿಯನ್ನು 1918 ರಿಂದ ಹೃದಯದ ಲಯವನ್ನು ಸರಿಪಡಿಸಲು ಬಳಸಲಾಗುತ್ತಿತ್ತು. ಅದನ್ನು ಸೇವಿಸಿದ ಕೆಲವರು ಏಕಾಏಕಿ ಪ್ರಜ್ಞೆ ತಪ್ಪಿ ಬೀಳುತ್ತಿದ್ದರು. ಲಯವನ್ನು ಸರಿಪಡಿಸಬೇಕಾದ ಔಷಧಿಯೇ ಹೃತ್ಕುಕ್ಷಿಗಳ ಲಯವನ್ನು ಕೆಡಿಸುತ್ತಿದೆಯೆಂಬುದು 1964ರಲ್ಲಿ ಇ.ಸಿ.ಜಿ. ದಾಖಲೆಗಳಿಂದ ಖಚಿತವಾಯಿತು.

ಹೃದಯಕ್ಕೆ ಸಂಬಂಧವೇ ಇಲ್ಲದ ಔಷಧಿಗಳಿಂದಲೂ ಇಂತಹ ತೊಂದರೆಯಾಗಬಹುದೆಂಬುದು ಅನಂತರ ತಿಳಿಯಿತು. ಸೀನು, ನೆಗಡಿ ಮತ್ತು ಅಲರ್ಜಿಗೆ ನೀಡುತ್ತಿದ್ದ ಟರ್ಫೆನಡಿನ್ ಮಾತ್ರೆಯನ್ನು, ಶಿಲೀಂಧ್ರ ಸೋಂಕಿನ ಕೀಟೊಕೊನಜೋಲ್ ಮಾತ್ರೆಯೊಂದಿಗೆ ಸೇವಿಸಿದ್ದ 39 ವರ್ಷದ ಮಹಿಳೆಯೊಬ್ಬರಲ್ಲಿ ಈ ಲಯದೋಷ ಉಂಟಾದುದು 1990ರಲ್ಲಿ ಅಮೆರಿಕದಲ್ಲಿ ವರದಿಯಾಯಿತು. ಟರ್ಫೆನಡಿನ್ ಸಾಮಾನ್ಯವಾಗಿ ಯಕೃತ್ತಿನಲ್ಲಿ ಬೇಗನೆ ಪರಿವರ್ತನೆಗೊಂಡು ನಿರಪಾಯಕಾರಿಯಾಗುತ್ತದೆ. ಎರಡನೆಯ ಮಾತ್ರೆಯು ಈ ಕಾರ್ಯಕ್ಕೆ ತಡೆಯೊಡ್ಡಿದ್ದರಿಂದ ಮೊದಲನೆಯದು ರಕ್ತದಲ್ಲಿ ಶೇಖರವಾಗಿತ್ತು. ಅಮೆರಿಕದಲ್ಲಿ 1998ರಲ್ಲಿ ಟರ್ಫೆನಡಿನ್, 1999ರಲ್ಲಿ ಅಸ್ಟೆಮಿಜೋಲ್ ಮತ್ತು 2000ದಲ್ಲಿ ಎದೆಯುರಿಗೆ ನೀಡುತ್ತಿದ್ದ ಸಿಸಾಪ್ರೈಡ್ ಮಾರುಕಟ್ಟೆಯಿಂದ ಹೊರಹೋದವು. ಭಾರತ ಸರ್ಕಾರವು ಮೊದಲಿನ ಎರಡನ್ನು 2003ರಲ್ಲಿಯೂ, ಸಿಸಾಪ್ರೈಡನ್ನು 2011ರಲ್ಲಿಯೂ ನಿಷೇಧಿಸಿತು.

ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯು 2001ರಲ್ಲಿ ಸಲ್ಲಿಸಿದ ವರದಿಯ ಪ್ರಕಾರ, 1997 ರಿಂದ ಆ ದೇಶದಲ್ಲಿ ಹಿಂತೆಗೆದುಕೊಳ್ಳಲಾದ 10 ಔಷಧಿಗಳ ಪೈಕಿ 8 ಔಷಧಿಗಳು ಮಹಿಳೆಯರಿಗೆ ಹೆಚ್ಚು ಅಪಾಯಕಾರಿಯಾಗಿದ್ದವು. ಇದಕ್ಕೆ ಹಿನ್ನೆಲೆಯೊಂದಿದೆ. ಗರ್ಭಸ್ಥ ಶಿಶುವಿನ ರಕ್ಷಣೆಯ ಉದ್ದೇಶದಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 1977ರಲ್ಲಿ ಹೆರಿಗೆಯ ವಯೋಮಾನದ ಸ್ತ್ರೀಯರನ್ನು ಔಷಧಿಗಳ ಆರಂಭಿಕ ಪ್ರಯೋಗಗಳಿಂದ ಹೊರಗಿಡಲು ಸೂಚಿಸಿತ್ತು. 1993ರಲ್ಲಷ್ಟೇ ಈ ಸೂಚನೆಯನ್ನು ಕೈಬಿಡಲಾಯಿತು. ಹೀಗಾಗಿ ಅನೇಕ ಔಷಧಿಗಳ ಪ್ರಮಾಣವು ಮುಖ್ಯವಾಗಿ ಪುರುಷರ ಶರೀರವನ್ನು ಆಧರಿಸಿ ನಿಗದಿಯಾಗಿತ್ತು. ಹೊಸ ಔಷಧಿಗಳು ಕ್ಯೂಟಿ ಅವಧಿಯ ಮೇಲೆ ಬೀರುವ ಪರಿಣಾಮವನ್ನು ಮೊದಲೇ ಪರೀಕ್ಷಿಸಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯು 2005ರಲ್ಲಿ ಸಿದ್ಧವಾಯಿತು.

6. ಎಚ್ಚರಿಕೆಯಿಂದ ಬಳಸಬೇಕಾದ ಔಷಧಿಗಳು

ಈ ಕೆಳಕಂಡ ಔಷಧಿಗಳು ಉಪಯುಕ್ತವಾದವುಗಳೇ ಆಗಿದ್ದು, ಬಹುತೇಕ ಜನರಿಗೆ ಇವುಗಳಿಂದ ಯಾವುದೇ ಲಯದೋಷ ಉಂಟಾಗುವುದಿಲ್ಲ. ಆದಾಗ್ಯೂ ಇವುಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸುವುದು, ಒಂದಕ್ಕೊಂದು ಸೇರಿಸುವುದು ಅಥವಾ ಪ್ರಮಾಣವನ್ನು ಮೀರುವುದು ಅಪಾಯಕ್ಕೆ ಕಾರಣವಾಗಬಹುದು.

• ಪ್ರತಿಜೀವಕಗಳು: ಅಜಿತ್ರೊಮೈಸಿನ್, ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್, ಲೆವೊಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್. ಅಜಿತ್ರೊಮೈಸಿನ್ ಕುರಿತು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2013ರಲ್ಲಿ ಎಚ್ಚರಿಕೆಯನ್ನು ಪ್ರಕಟಿಸಿದೆ.
• ಶಿಲೀಂಧ್ರ ಸೋಂಕಿನ ಮಾತ್ರೆ: ಫ್ಲುಕೊನಜೋಲ್. ಇದು ಇತರ ಕೆಲವು ಔಷಧಿಗಳು ರಕ್ತದಲ್ಲಿ ಶೇಖರವಾಗಲೂ ಕಾರಣವಾಗುತ್ತದೆ.
• ವಾಂತಿ, ಹೊಟ್ಟೆಯುಬ್ಬರದ ಔಷಧಿಗಳು: ಡಾಂಪೆರಿಡೋನ್, ಆಂಡನ್ಸೆಟ್ರಾನ್. 'ಗ್ಯಾಸ್ ಮಾತ್ರೆ' ಎಂದು ಕರೆಯಲಾಗುವ ಹಲವು ಕ್ಯಾಪ್ಸೂಲ್‌ಗಳಲ್ಲಿ ಡಾಂಪೆರಿಡೋನ್ ಸೇರಿರುತ್ತದೆ. ಯೂರೋಪಿನ ಔಷಧ ಸಂಸ್ಥೆಯು 2014ರಲ್ಲಿ ಇದರ ಬಳಕೆಯನ್ನು ವಯಸ್ಕರಿಗೆ ದಿನಕ್ಕೆ 30 ಮಿಲಿಗ್ರಾಂ ಮತ್ತು ಸಾಮಾನ್ಯವಾಗಿ ಒಂದು ವಾರಕ್ಕೆ ಸೀಮಿತಗೊಳಿಸಿತು.
• ಮಲೇರಿಯಾ ಮತ್ತು ಕೀಲುವಾತದ ಔಷಧಿಗಳು: ಕ್ಲೋರೊಕ್ವಿನ್, ಹೈಡ್ರಾಕ್ಸಿಕ್ಲೋರೊಕ್ವಿನ್. ಕೀಲುವಾತವು ಸ್ತ್ರೀಯರಲ್ಲಿ ಹೆಚ್ಚಾಗಿರುವುದರಿಂದ ಇದನ್ನು ವರ್ಷಗಟ್ಟಲೆ ಸೇವಿಸುವವರಲ್ಲಿ ಅವರೇ ಅಧಿಕ. ಕೋವಿಡ್ ಸಂದರ್ಭದಲ್ಲಿ, 2020ರ ಮಾರ್ಚ್ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಹೈಡ್ರಾಕ್ಸಿಕ್ಲೋರೊಕ್ವಿನ್ ಮಾರಾಟವನ್ನು ಕಟ್ಟುನಿಟ್ಟಾದ ಷೆಡ್ಯೂಲ್ ಎಚ್-1ರ ವ್ಯಾಪ್ತಿಗೆ ತಂದಿತು.
• ಮಾನಸಿಕ ಕಾಯಿಲೆಯ ಕೆಲವು ಔಷಧಿಗಳು: ಹ್ಯಾಲೊಪೆರಿಡಾಲ್, ಸಿಟಾಲೊಪ್ರಾಮ್, ಎಸ್ಸಿಟಾಲೊಪ್ರಾಮ್.
• ಹೃದಯದ ಲಯಕ್ಕೆ ನೀಡುವ ಔಷಧಿಗಳು: ಸೋಟಾಲಾಲ್, ಅಮಿಯೊಡರೋನ್.

ಡಿಗಾಕ್ಸಿನ್ ಔಷಧಿಯು ಕ್ಯೂಟಿ ಅವಧಿಯನ್ನು ಹೆಚ್ಚಿಸುವುದಿಲ್ಲವಾದರೂ ಇಲ್ಲಿ ಉಲ್ಲೇಖನೀಯವಾಗಿದೆ. ಹೃದಯ ವೈಫಲ್ಯದ ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗವೊಂದರ ಅಂಕಿಅಂಶಗಳನ್ನು 2002ರಲ್ಲಿ ಸ್ತ್ರೀ-ಪುರುಷರೆಂದು ವಿಂಗಡಿಸಿ ನೋಡಿದಾಗ, ಡಿಗಾಕ್ಸಿನ್ ಪಡೆದ ಮಹಿಳೆಯರಲ್ಲಿ ಶೇ. 33.1 ರಷ್ಟು, ಔಷಧಿಯಿಲ್ಲದ ಹುಸಿ ಮಾತ್ರೆ ಪಡೆದ ಮಹಿಳೆಯರಲ್ಲಿ ಶೇ. 28.9 ರಷ್ಟು ಸಾವು ಕಂಡುಬಂದಿತ್ತು. ಪುರುಷರಲ್ಲಿ ಇಂತಹ ಅಂತರವಿರಲಿಲ್ಲ. ಈ ಔಷಧಿಯ ಪ್ರಮಾಣವನ್ನು ವೈದ್ಯರು ಕಾಲಕಾಲಕ್ಕೆ ಪರಿಶೀಲಿಸುವುದು ಅವಶ್ಯವೆಂಬುದು ಇದರಿಂದ ವೇದ್ಯವಾಗುತ್ತದೆ.

7. ಅಪಾಯವನ್ನು ಹೆಚ್ಚಿಸುವ ಸಂದರ್ಭಗಳು

ಸಾಮಾನ್ಯವಾಗಿ ಒಂದೇ ಕಾರಣದಿಂದ ಲಯ ತಪ್ಪುವುದಿಲ್ಲ. ಎರಡು ಮೂರು ಕಾರಣಗಳು ಒಟ್ಟುಗೂಡಿದಾಗ ಅಪಾಯವು ಎದುರಾಗುತ್ತದೆ.

(ಅ) ವಾಂತಿ-ಭೇದಿ: ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಕಡಿಮೆಯಾದಾಗ ಕ್ಯೂಟಿ ಅವಧಿ ಹೆಚ್ಚುತ್ತದೆ. ಬೇಸಿಗೆಯಲ್ಲಿ ಹೊಲಗದ್ದೆಗಳಲ್ಲಿ ದುಡಿದು ಬಳಲಿದ ಮಹಿಳೆಗೆ ಭೇದಿಯಾಗಿ, ಅದಕ್ಕೆಂದು ಅಂಗಡಿಯಿಂದ ತಂದ ಪ್ರತಿಜೀವಕ ಮತ್ತು ವಾಂತಿ ನಿಲ್ಲುವ ಮಾತ್ರೆ ಎರಡನ್ನೂ ನುಂಗಿದಲ್ಲಿ ಮೂರು ಕಾರಣಗಳು ಒಂದೇ ದಿನ ಸೇರಿದಂತಾಗುತ್ತದೆ.
(ಆ) ಬಿ.ಪಿ. ಹಾಗೂ ಕಾಲೂತಕ್ಕೆ ನೀಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳಿಂದ ಪೊಟ್ಯಾಸಿಯಂ ನಷ್ಟವಾಗುತ್ತದೆ. ಆಮ್ಲೀಯತೆಯ ಮಾತ್ರೆಗಳನ್ನು ವರ್ಷಗಟ್ಟಲೆ ಸೇವಿಸಿದಲ್ಲಿ ಮೆಗ್ನೀಸಿಯಂ ಕಡಿಮೆಯಾಗಬಹುದು.
(ಇ) ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆ, ಹೃದಯ ವೈಫಲ್ಯ, ಥೈರಾಯ್ಡ್ ಕೊರತೆ ಹಾಗೂ ಇಳಿವಯಸ್ಸು.
(ಈ) ಹುಟ್ಟಿನಿಂದಲೇ ಕ್ಯೂಟಿ ಅವಧಿ ದೀರ್ಘವಾಗಿರುವ ಅನುವಂಶಿಕ ತೊಂದರೆ. ಇದರ ಒಂದು ಬಗೆಯುಳ್ಳ ಸ್ತ್ರೀಯರಲ್ಲಿ ಹೆರಿಗೆಯ ನಂತರದ ಸುಮಾರು 9 ತಿಂಗಳು ಅಪಾಯ ಹೆಚ್ಚು. ಇನ್ನೊಂದು ಬಗೆಯಲ್ಲಿ ಹುಟ್ಟು ಕಿವುಡುತನವೂ ಜೊತೆಗಿರುತ್ತದೆ. ಇದು ತಂದೆ-ತಾಯಿ ಇಬ್ಬರಿಂದಲೂ ಬರುವ ದೋಷವಾದುದರಿಂದ ಸೋದರಮಾವ, ಸೋದರತ್ತೆಯ ಮಕ್ಕಳು ಮುಂತಾದ ರಕ್ತಸಂಬಂಧದ ವಿವಾಹಗಳಲ್ಲಿ ಕಂಡುಬರುವ ಸಂಭವ ಹೆಚ್ಚು. ಹುಟ್ಟು ಕಿವುಡಿರುವ ಮಗು ಓಡುವಾಗ ಅಥವಾ ಹೆದರಿದಾಗ ಪ್ರಜ್ಞೆ ತಪ್ಪಿದಲ್ಲಿ ಇ.ಸಿ.ಜಿ. ಮಾಡಿಸುವುದು ಅತ್ಯವಶ್ಯ.
(ಉ) ಪುರುಷರಲ್ಲಿ, ಪ್ರಾಸ್ಟೇಟ್ ಕ್ಯಾನ್ಸರಿಗೆ ಟೆಸ್ಟೋಸ್ಟಿರಾನ್ ತಗ್ಗಿಸುವ ಚಿಕಿತ್ಸೆ ಪಡೆಯುತ್ತಿರುವವರು.

8. ಕ್ಷಯರೋಗದ ಚಿಕಿತ್ಸೆಯಲ್ಲಿ ಅನುಸರಿಸುವ ಕ್ರಮ

ಸಾಮಾನ್ಯ ಔಷಧಿಗಳಿಗೆ ಬಗ್ಗದ ಕ್ಷಯರೋಗಕ್ಕೆ ನೀಡುವ ಬೆಡಾಕ್ವಿಲಿನ್, ಮಾಕ್ಸಿಫ್ಲಾಕ್ಸಸಿನ್ ಮತ್ತು ಕ್ಲೊಫಜಿಮಿನ್ ಇವು ಮೂರೂ ಕ್ಯೂಟಿ ಅವಧಿಯನ್ನು ಹೆಚ್ಚಿಸುವಂತಹವು. ಬೆಡಾಕ್ವಿಲಿನ್, ಪ್ರಿಟೊಮಾನಿಡ್, ಲಿನೆಜೋಲಿಡ್ ಹಾಗೂ ಮಾಕ್ಸಿಫ್ಲಾಕ್ಸಸಿನ್ ಒಳಗೊಂಡ ಆರು ತಿಂಗಳ ಚಿಕಿತ್ಸಾ ಕ್ರಮಕ್ಕೆ ಕೇಂದ್ರ ಆರೋಗ್ಯ ಸಚಿವಾಲಯವು 2024ರ ಸೆಪ್ಟೆಂಬರ್‌ನಲ್ಲಿ ಅನುಮೋದನೆ ನೀಡಿದೆ. ಇಂತಹ ಚಿಕಿತ್ಸೆಗೆ ಮುನ್ನ ಮತ್ತು ಚಿಕಿತ್ಸೆಯ ಅವಧಿಯಲ್ಲಿ ಇ.ಸಿ.ಜಿ. ಹಾಗೂ ರಕ್ತಪರೀಕ್ಷೆಗಳನ್ನು ನಡೆಸಲಾಗುತ್ತದೆ. ನಿಗದಿತ ದಿನದ ಇ.ಸಿ.ಜಿ.ಯನ್ನು ಯಾವ ಕಾರಣಕ್ಕೂ ತಪ್ಪಿಸತಕ್ಕದ್ದಲ್ಲ. ಅಪಾಯವುಳ್ಳ ಔಷಧಿಯನ್ನೂ ಸೂಕ್ತ ನಿಗಾವಣೆಯೊಂದಿಗೆ ಸುರಕ್ಷಿತವಾಗಿ ನೀಡಬಹುದೆಂಬುದಕ್ಕೆ ಇದು ಉತ್ತಮ ನಿದರ್ಶನವಾಗಿದೆ.

9. ಗಮನಿಸಬೇಕಾದ ಲಕ್ಷಣಗಳು

ಹೊಸ ಔಷಧಿಯನ್ನು ಆರಂಭಿಸಿದ ಅಥವಾ ಪ್ರಮಾಣ ಹೆಚ್ಚಿಸಿದ ನಂತರ ಎದೆ ಡವಗುಟ್ಟುವುದು, ಕಣ್ಣು ಕತ್ತಲೆ ಬರುವುದು, ಏಕಾಏಕಿ ಪ್ರಜ್ಞೆ ತಪ್ಪುವುದು ಅಥವಾ ಮೂರ್ಛೆರೋಗದಂತೆ ಕೈಕಾಲು ಸೆಳೆಯುವುದು ಮುಖ್ಯ ಲಕ್ಷಣಗಳು.

ಹೆಂಗಸರು ಪ್ರಜ್ಞೆ ತಪ್ಪಿ ಬಿದ್ದಾಗ ಅದನ್ನು ನಿಶ್ಶಕ್ತಿ, ಉಪವಾಸ, ರಕ್ತಹೀನತೆ ಅಥವಾ ಗಾಳಿ ಸೋಕಿದ್ದೆಂದು ತೀರ್ಮಾನಿಸಿ, ನೀರು ಚಿಮುಕಿಸಿ ಎಬ್ಬಿಸಿ ಮರಳಿ ಕೆಲಸಕ್ಕೆ ಕಳುಹಿಸುವುದು ಹಲವೆಡೆ ರೂಢಿಯಲ್ಲಿದೆ. ಎದ್ದು ಕುಳಿತ ಮಾತ್ರಕ್ಕೆ ಅಪಾಯವು ಕಳೆಯಿತೆಂದು ತಿಳಿಯುವುದು ಸರಿಯಲ್ಲ. ಈ ಲಯದೋಷವು ಮೊದಲ ಬಾರಿ ತಾನಾಗಿ ನಿಂತು ಮತ್ತೊಮ್ಮೆ ನಿಲ್ಲದೆ ಹೋಗಬಹುದು. ಆದ್ದರಿಂದ ಪ್ರಜ್ಞೆ ತಪ್ಪಿದ ಪ್ರತಿಯೊಬ್ಬ ಮಹಿಳೆಗೂ ಅದೇ ದಿನ ಇ.ಸಿ.ಜಿ. ಮಾಡಿಸುವುದು ಸೂಕ್ತ. ಈ ಪರೀಕ್ಷೆಗೆ ಕೆಲವೇ ನಿಮಿಷಗಳು ಸಾಕು. ಇದರಲ್ಲಿ ನೋವಾಗಲಿ, ಚುಚ್ಚುವಿಕೆಯಾಗಲಿ ಇರುವುದಿಲ್ಲ.

10. ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳು

1) ಸೇವಿಸುತ್ತಿರುವ ಎಲ್ಲ ಔಷಧಿಗಳ ಚೀಟಿ ಹಾಗೂ ಖಾಲಿಯಾದ ಮಾತ್ರೆ ಪಟ್ಟಿಗಳನ್ನು ಒಂದೇ ಚೀಲದಲ್ಲಿಟ್ಟುಕೊಂಡು, ಯಾವುದೇ ವೈದ್ಯರ ಬಳಿ ಹೋದಾಗಲೂ ತೋರಿಸತಕ್ಕದ್ದು. ನಾಟಿ ಔಷಧಿಗಳನ್ನು ಸೇವಿಸುತ್ತಿದ್ದಲ್ಲಿ ಅದನ್ನೂ ತಿಳಿಸತಕ್ಕದ್ದು.
2) ಪೆಟ್ಟಿಗೆಯ ಮೇಲೆ ಕೆಂಪು ಗೆರೆಯಿರುವ ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳತಕ್ಕದ್ದಲ್ಲ.
3) ಮನೆಯ ಒಬ್ಬರಿಗೆ ಬರೆದುಕೊಟ್ಟ ಮಾತ್ರೆಯನ್ನು ಇನ್ನೊಬ್ಬರಿಗೆ ನೀಡತಕ್ಕದ್ದಲ್ಲ. ಗಂಡನಿಗೆ ಹಿಡಿಸಿದ ಮಾತ್ರೆಯು ಹೆಂಡತಿಗೂ ಹಿಡಿಸುವುದೆಂಬ ಭರವಸೆಯಿಲ್ಲ.
4) ವಾಂತಿ-ಭೇದಿಯಾದಾಗ ಮೊದಲು ಓ.ಆರ್.ಎಸ್. ದ್ರಾವಣವನ್ನು ನೀಡತಕ್ಕದ್ದು. ಎಳನೀರು, ಬಾಳೆಹಣ್ಣುಗಳಲ್ಲಿ ಪೊಟ್ಯಾಸಿಯಂ ಇದೆ. ಆದರೆ ಮೂತ್ರಪಿಂಡದ ಕಾಯಿಲೆಯುಳ್ಳವರು ಇವುಗಳನ್ನು ವೈದ್ಯರನ್ನು ಕೇಳಿ ಸೇವಿಸತಕ್ಕದ್ದು.
5) ಕುಟುಂಬದಲ್ಲಿ ಎಳೆಯ ವಯಸ್ಸಿನವರು ಹಠಾತ್ತಾಗಿ ಮೃತಪಟ್ಟಿದ್ದಲ್ಲಿ ಆ ಸಂಗತಿಯನ್ನು ವೈದ್ಯರಿಗೆ ಮರೆಯದೆ ತಿಳಿಸತಕ್ಕದ್ದು.
6) ಹಳೆಯ ಇ.ಸಿ.ಜಿ. ಇದ್ದಲ್ಲಿ ಅದರ ಛಾಯಾಪ್ರತಿಯನ್ನು ಜೋಪಾನವಾಗಿಡತಕ್ಕದ್ದು. ಔಷಧಿಗೆ ಮೊದಲು ಕ್ಯೂಟಿ ಅವಧಿ ಎಷ್ಟಿತ್ತೆಂಬುದು ಅದರಿಂದ ತಿಳಿಯುತ್ತದೆ. ಇಂದಿನ ಇ.ಸಿ.ಜಿ. ಮುದ್ರಿಕೆಯ ಮೇಲ್ಭಾಗದಲ್ಲಿ ಈ ಅಂಕಿಯು ಸಾಮಾನ್ಯವಾಗಿ ನಮೂದಾಗಿರುತ್ತದೆ.

11. ತುರ್ತು ಸಂದರ್ಭದಲ್ಲಿ

ಪ್ರಜ್ಞೆ ತಪ್ಪಿದವರು ಉಸಿರಾಡದಿದ್ದಲ್ಲಿ ಅಥವಾ ಏದುಸಿರು ಮಾತ್ರ ಬಿಡುತ್ತಿದ್ದಲ್ಲಿ, ಕೂಡಲೇ 108 ದೂರವಾಣಿ ಸಂಖ್ಯೆಗೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100 ರಿಂದ 120 ಬಾರಿ ಬಲವಾಗಿ ಒತ್ತುತ್ತಿರಬೇಕು. ಮಹಿಳೆಯೆಂಬ ಸಂಕೋಚದಿಂದ ಇದನ್ನು ತಡಮಾಡತಕ್ಕದ್ದಲ್ಲ. ಬಳಿಯಲ್ಲಿದ್ದ ಮಾತ್ರೆಗಳನ್ನೆಲ್ಲ ಆಸ್ಪತ್ರೆಗೆ ಜೊತೆಯಲ್ಲಿ ಒಯ್ಯಬೇಕು. ಕಾರಣವಾದ ಔಷಧಿಯನ್ನು ನಿಲ್ಲಿಸಿ, ರಕ್ತನಾಳದ ಮೂಲಕ ಮೆಗ್ನೀಸಿಯಂ ನೀಡಿ, ಪೊಟ್ಯಾಸಿಯಂ ಕೊರತೆಯನ್ನು ಸರಿಪಡಿಸಿದಲ್ಲಿ ಈ ಲಯದೋಷವನ್ನು ಹತೋಟಿಗೆ ತರಲು ಸಾಧ್ಯವಿದೆ. ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ತಜ್ಞರ ಕೇಂದ್ರಗಳಿಗೆ ರವಾನಿಸಿ ಸಲಹೆ ಪಡೆಯುವ ವ್ಯವಸ್ಥೆಯನ್ನು, ಹೃದಯಾಘಾತದ ಚಿಕಿತ್ಸೆಗಾಗಿ 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಕಲ್ಪಿಸಲಾಗಿದೆ. ಹೆಚ್ಚಿನ ಚಿಕಿತ್ಸೆಗೆ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯ ಬೆಂಗಳೂರು ಮತ್ತು ಮೈಸೂರು ಆಸ್ಪತ್ರೆಗಳಿವೆ.

12. ಅಡ್ಡಪರಿಣಾಮಗಳ ವರದಿ

ಔಷಧಿಗಳ ಅಡ್ಡಪರಿಣಾಮಗಳನ್ನು ದಾಖಲಿಸಲು 2010 ರಿಂದ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮವು ಜಾರಿಯಲ್ಲಿದೆ. ವೈದ್ಯರಲ್ಲದೆ ರೋಗಿಗಳೂ ಶುಲ್ಕರಹಿತ ದೂರವಾಣಿ ಸಂಖ್ಯೆ 1800-180-3024ಕ್ಕೆ ಕರೆ ಮಾಡಿ ತಿಳಿಸಬಹುದು. ಸ್ತ್ರೀಯರಿಗಿರುವ ಹೆಚ್ಚಿನ ಅಪಾಯವು ಬೆಳಕಿಗೆ ಬಂದುದೇ ಇಂತಹ ಬಿಡಿ ವರದಿಗಳನ್ನು ಒಟ್ಟುಗೂಡಿಸಿ ನೋಡಿದ್ದರಿಂದ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ವಿಶೇಷ ಸೂಚನೆ: ಈ ಮಾಹಿತಿಯನ್ನು ಓದಿ ಯಾರೂ ತಾವು ಸೇವಿಸುತ್ತಿರುವ ಔಷಧಿಯನ್ನು ತಾವಾಗಿಯೇ ನಿಲ್ಲಿಸತಕ್ಕದ್ದಲ್ಲ. ಹೃದ್ರೋಗ, ಕ್ಷಯ ಅಥವಾ ಮಾನಸಿಕ ಕಾಯಿಲೆಯ ಔಷಧಿಯನ್ನು ಹಠಾತ್ತಾಗಿ ನಿಲ್ಲಿಸುವುದರಿಂದ ಆಗುವ ಹಾನಿಯು ಇಲ್ಲಿ ವಿವರಿಸಿದ ಅಪಾಯಕ್ಕಿಂತಲೂ ಹೆಚ್ಚಿನದಾಗಿರಬಹುದು. ಸಂದೇಹವಿದ್ದಲ್ಲಿ ಎಲ್ಲ ಚೀಟಿಗಳೊಂದಿಗೆ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಭೇಟಿ ಮಾಡಿ ಸಲಹೆ ಪಡೆಯಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.